ಹಾರನ್ ಇಲ್ಲದ ವಿಪ್ಪೆಟ್

ಬೆಳಗ್ಗೆ ಆರಕ್ಕೆ ಚಿತ್ರದುರ್ಗ ಬಿಟ್ಟೆವು. ನಾನು, ಹೆಂಡತಿ ಸರೋಜ, ಮತ್ತು ಅವಳು ಸವತಿ ಎಂದೇ ಕರೆಯುವ ನಮ್ಮಜ್ಜನ ವಿಪ್ಪೆಟ್ ಕಾರು. ಡ್ರಾಯಿಂಗ್ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ಒಂಬತ್ತು ವರ್ಷ ಅದರ ಹಿಂದೆ ಬಿದ್ದು ಓಡುವಂತೆ ಮಾಡಿದ್ದೆ. ಉಳಿದದ್ದು ಒಂದೇ, ಹಿತ್ತಾಳೆಯ ಹಾರನ್. ಅದು ಹೊಸದುರ್ಗದ ಆಚೆ ಮಾಡದಕೆರೆಯಲ್ಲಿ ಕುರಿ ಕಾಯುವ ಕರಿಯಪ್ಪನವರ ಬಳಿ ಇದೆಯೆಂದು ಹೋದ ತಿಂಗಳಷ್ಟೇ ಗೊತ್ತಾಗಿತ್ತು. ಅದು ಸಿಕ್ಕರೆ ಅಜ್ಜನ ಕಾರು ಪೂರ್ತಿಯಾಗುತ್ತಿತ್ತು.

ಹೊಳಲ್ಕೆರೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಒಂದೂವರೆ ಗಂಟೆ ಹಿಡಿಯಿತು. ಮಂಡಕ್ಕಿ, ಮಿರ್ಚಿ ತಿಂದು, ಕುದಿಯುತ್ತಿದ್ದ ರೇಡಿಯೇಟರಿಗೆ ಎರಡು ಕೊಡ ನೀರು ಹಾಕಿದೆವು. ಸೈಕಲ್ಲುಗಳೂ ನಮ್ಮನ್ನು ದಾಟಿ ಹೋದವು. ಅಮೆರಿಕದಲ್ಲಿ ಈ ಕಾರನ್ನು ದುಡಿದು ತಿನ್ನುವವರೂ ಕೊಳ್ಳಲೆಂದು ಅಗ್ಗವಾಗಿ ಮಾಡಿದ್ದರಂತೆ. ನಮ್ಮ ಕಡೆ ಬಂದ ಮೇಲೆ ಅದು ಸಾಹುಕಾರರ ಗತ್ತಾಯಿತು. ಅಜ್ಜನೂ ಅದರಲ್ಲಿ ಕೂತು ಮೀಸೆ ತಿರುವಿದವರೇ.

ಹೊಸದುರ್ಗದಲ್ಲಿ ಟೀ ಕುಡಿದು ಮಾಡದಕೆರೆ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಎಪ್ಪತ್ತು ದಾಟಿದ ಕರಿಯಪ್ಪ ಕೆರೆ ಏರಿಯ ಮೇಲೆ ಕೂತಿದ್ದರು. ಹೆಗಲಿಗೆ ಹಾರನ್ ನೇತುಬಿದ್ದಿತ್ತು. ಹಿಂದೆ ಹಳ್ಳದಲ್ಲಿ ಹೂತ ಕಾರನ್ನು ಎತ್ತು ಕಟ್ಟಿ ಎಳೆದುಕೊಟ್ಟದ್ದಕ್ಕೆ ನಮ್ಮಜ್ಜ ಆ ಹಾರನ್ ಅನ್ನು ಕರಿಯಪ್ಪನವರ ಅಪ್ಪನಿಗೆ ಬಿಚ್ಚಿಕೊಟ್ಟಿದ್ದರಂತೆ. ಅದರ ರಬ್ಬರ್ ಬುರುಡೆ ಮಾತ್ರ ಆಟೋದ್ದು.

ಬಂದ ಕೆಲಸ ಹೇಳಿದೆ. ಅವರು ಹಾರನ್ ಅನ್ನು ಹೆಗಲಿಂದ ಇಳಿಸಿಕೊಟ್ಟರು.

"ನಿಮ್ಮಜ್ಜಾರದೇ ಅಲ್ವೇನ್ರಿ, ತಕಂಡು ಹೋಗ್ರಿ."

ಇಷ್ಟು ದಿನ ಇದನ್ನು ಒತ್ತಿಯೇ ಕುರಿ ಕರೆಯುತ್ತಿದ್ದವರು, ಇನ್ನು ಹೇಗೆ ಕರೆಯುತ್ತೀರಿ ಎಂದು ಕೇಳಿದೆ.

"ಬಾಯಾಗೆ ಕೂಗ್ತೀನಿ. ರೂಢಿ ಆಗಾ ತನ್ಕ ಕಷ್ಟ ಐತೆ."

ನಾನು ಕೊಡಹೋದ ದುಡ್ಡನ್ನು ಅವರು ಮುಟ್ಟಲಿಲ್ಲ. ನಾನು ಅಲ್ಲೇ ಸ್ಪ್ಯಾನರ್ ತೆಗೆದು ಹಾರನ್ ಕೂರಿಸಿದೆ. ಕಾರು ಹೊರಡಿಸಿ, ಖುಷಿ ತಡೆಯಲಾರದೆ ಎರಡು ಸಲ ಒತ್ತಿದೆ. ಜಾಲಿ ಗಿಡಗಳ ಮರೆಯಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ದಡದಡ ಓಡಿಬಂದು ಕಾರನ್ನು ಮುತ್ತಿದವು. ಕರಿಯಪ್ಪ ನೀರಿನ ಕಡೆ ನಿಂತು ಕೂಗಿದರು. ಒಂದೂ ತಿರುಗಲಿಲ್ಲ. ಮತ್ತೆ ಕೂಗಿದರು, ಕೂಗು ಕೆಮ್ಮಿಗೆ ತಿರುಗಿತು. ಒಂದು ಮರಿ ಕಾರಿನ ಬಾಗಿಲಿಗೆ ಮೂತಿ ತಾಗಿಸಿ ನನ್ನನ್ನೇ ನೋಡುತ್ತಿತ್ತು. ನನಗೆ ನಾಚಿಕೆಯಾಯಿತು.

"ಅವು ಕಾರು ನೋಡಿ ಬಂದಾವೇನ್ರಿ?" ಎಂದಳು ಸರೋಜ. "ಕರೆದ ಕಡೆ ಬರ್ತಾವೆ. ಕೊಟ್ಬಿಡ್ರಿ."

ಒಂಬತ್ತು ವರ್ಷದ ಆಸೆ. ಬೋಲ್ಟ್ ಬಿಚ್ಚುವಾಗ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕರಿಯಪ್ಪ ಎರಡೂ ಕೈ ಚಾಚಿ ತೆಗೆದುಕೊಂಡು ಒಮ್ಮೆ ಒತ್ತಿದರು. ಕುರಿಗಳು ನನ್ನ ಕಾರನ್ನು ಬಿಟ್ಟು ಅವರ ಹಿಂದೆ ನೀರಿಗಿಳಿದವು. ಏರಿ ಮುಗಿಯುವವರೆಗೂ ಹಿಂತಿರುಗಿ ನೋಡುತ್ತಲೇ ಓಡಿಸಿದೆ.

ವಾಪಸು ಹಿರಿಯೂರಿನ ಮೇಲೆ ಬಂದೆವು, ಅಲ್ಲಿನ ಪೇಟೆಯಲ್ಲಿ ಜನ ದಾರಿ ಬಿಡಲಿಲ್ಲ. ಸರೋಜ ಹೊರಗೆ ತಲೆ ಹಾಕಿ, "ಸರೀರಪ್ಪಾ" ಎಂದು ಕೂಗುತ್ತಾ ಬಂದಳು. ಹೊತ್ತು ಮುಳುಗುವ ಮೊದಲು ಚಿತ್ರದುರ್ಗ ಸೇರಿದೆವು.

ಹಾರನ್ ಕೂರುವ ಜಾಗ ಈಗಲೂ ಖಾಲಿ. ಕಾರು ನೋಡಲು ಬಂದವರು ಅದೇನಾಯಿತೆಂದು ಕೇಳಿದರೆ ನನಗಿಂತ ಮೊದಲು ಸರೋಜಳೇ ಹೇಳುತ್ತಾಳೆ:

"ಮಾಡದಕೆರೆಯಾಗೈತೆ. ನಮ್ಮೆಜಮಾನ್ರು ರಿಟೈರ್ ಆದ್ರು, ಅದಿನ್ನೂ ಡ್ಯೂಟಿ ಮ್ಯಾಲೈತೆ."