ಕೊಬ್ಬರಿ ಬಾಯಿಯ ಬಾಷಾ ಸಾಬರು

ಬಾಷಾ ಸಾಬರ ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಹಲ್ಲುನೋವಿರಬೇಕೆಂದು ನಾನು ಬಹಳ ದಿನ ತಿಳಿದಿದ್ದೆ. ಒಳಗಿದ್ದದ್ದು ಒಣಕೊಬ್ಬರಿ ಚೂರು, ಅದೂ ತಮಗಲ್ಲ, ನಾಯಿಗೆ. ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದವರು ನಿವೃತ್ತರಾಗಿ ಹಿರಿಯೂರಿನ ನಮ್ಮ ಬೀದಿಗೆ ಬಂದಿದ್ದರು. ಈಗ ನಾಯಿಯೂ ಇರಲಿಲ್ಲ, ಹೆಂಡತಿಯೂ ಇರಲಿಲ್ಲ. ಕೊಬ್ಬರಿ ಮಾತ್ರ ಬಿಟ್ಟಿರಲಿಲ್ಲ. ಬಾಯಿಯ ಒಂದೇ ಬದಿಯಲ್ಲಿ ಮಾತಾಡುತ್ತಿದ್ದರು, ಅರ್ಧ ನಾವೇ ಊಹಿಸಿಕೊಳ್ಳಬೇಕಿತ್ತು.

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ನಾನು ಮತ್ತು ಅವರ ನಾಯಿ ಕರಿಯ. ಅದು ನನ್ನನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅನ್ನ ಹಾಕಿದರೆ ತಿನ್ನುತ್ತಿತ್ತು, ಮತ್ತೆ ಗೇಟಿನ ಕಡೆಗೇ ಮುಖ. ನನ್ನ ಗಂಡನ ಬೈಕಿನಂಥ ಸದ್ದು ಕೇಳಿದರೆ ಸಾಕು, ಹಗ್ಗ ಕಿತ್ತುಕೊಂಡು ರಸ್ತೆಗೆ ಓಡುತ್ತಿತ್ತು. ಒಮ್ಮೆ ಲಾರಿಯಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿತು. ಆದಿವಾಲದ ನನ್ನಣ್ಣ, "ಕೊಟ್ಬಿಡು, ತೋಟದಾಗೆ ಕಟ್ಟಾಕ್ತೀನಿ. ಯುಗಾದಿಗೆ ಬಂದಾಗ ಒಯ್ತೀನಿ" ಎಂದ. ಕೊಟ್ಟರೆ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವವಿಲ್ಲ. ಅದನ್ನು ಅಣ್ಣನಿಗೆ ಹೇಳಲು ನನಗೆ ನಾಚಿಕೆ.

ಗೇಟಿನಾಚೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಸಾಬರು ಒಂದು ದಿನ ಅಂದರು: "ತಂಗಿ, ಇದರ ಮೈ ನಿನ್ನ ಹತ್ರ ಐತೆ, ಮಖ ಇಲ್ಲ. ಹಗ್ಗ ಎಳೆದ್ರೆ ಮೈ ಬರ್ತೈತೆ, ಮಖ ಬರಲ್ಲ." ಒಂದು ಕೊಬ್ಬರಿ ಚೂರು ಕೊಟ್ಟರು. "ಬಾಯಾಗೆ ಇಟ್ಕೊ. ಎಡಗಾಲ ಪಕ್ಕ ನಿಲ್ಲಿಸ್ಕೊಂಡು 'ಮಖ' ಅನ್ನು. ನಿನ್ನ ಮಖ ನೋಡಿದ ಕೂಡ್ಲೆ ಅದರ ಬಾಯಿಗೆ ಉಗುಳು."

ನನಗೆ ರೇಗಿತು. "ಥೂ, ನನ್ನ ಎಂಜಲು ಅದಕ್ಕೆ ಹಾಕಾದಾ ಸಾಬ್ರೆ?"

"ಎಂಜಲು ಅಂತ ನಾಯಿಗೆ ಹೇಳ್ಕೊಟ್ಟೋರು ಯಾರಮ್ಮ? ಕೈಯಾಗಿದ್ರೆ ಕೈ ನೋಡ್ತೈತೆ, ಬಾಯಾಗಿದ್ರೆ ಮಖ ನೋಡ್ತೈತೆ."

ಹಾಳಾಗಿ ಹೋಗಲಿ ಎಂದು ಉಗುಳಿದೆ. ನನ್ನ ಸೀರೆಯ ಮೇಲೇ ಬಿತ್ತು. ಸಾಬರು ನಗಲಿಲ್ಲ; ನಕ್ಕರೆ ಅವರ ಚೂರೂ ಬೀಳುತ್ತಿತ್ತಲ್ಲ. ಅಂದಿನಿಂದ ದಿನಾ ಸಂಜೆ ಬಂದರು. ಕರಿಯ ಮೊದಲು ಒಂದು ಗಳಿಗೆ, ಆಮೇಲೆ ಗೇಟಿನ ತನಕ, ಕೊನೆಗೆ ಬೀದಿಯುದ್ದಕ್ಕೂ ತಲೆಯೆತ್ತಿ ನನ್ನನ್ನು ನೋಡುತ್ತ ನಡೆಯತೊಡಗಿತು. ನನಗೆ ಎಷ್ಟು ಸಂತೋಷವೆಂದರೆ, ನಾನೂ ಬಗ್ಗಿ ಅದನ್ನೇ ನೋಡುತ್ತಿದ್ದೆ. ಸಾಬರು ಗದರಿದರು. "ಅದು ನಿನ್ನ ನೋಡ್ಲಿ, ನೀ ದಾರಿ ನೋಡು. ಇಬ್ರೂ ಮಖ ಮಖ ನೋಡ್ಕಂತ ಹೋದ್ರೆ ಇಬ್ರೂ ಚರಂಡಿಗೆ."

ಯುಗಾದಿ ಹತ್ತಿರವಿತ್ತು. ಒಂದು ಸಂಜೆ ಅಂಥದೇ ಬೈಕು ಹಿಂದಿನಿಂದ ಬಂತು. ಕರಿಯನ ಕಿವಿ ತಿರುಗಿತು. "ಮಖ" ಅಂದೆ. ಅದು ಬೈಕನ್ನು ನೋಡಿತು, ಆಮೇಲೆ ನನ್ನನ್ನು ನೋಡಿತು. ಬೈಕು ಹೋಯಿತು, ಅದರ ಕಣ್ಣು ನನ್ನ ಮೇಲೆಯೇ ಇತ್ತು. ಗಂಡ ಹೋದ ಮೇಲೆ ನನ್ನನ್ನು ಒಂದು ಜೀವ ಹಾಗೆ ನೋಡಿದ್ದು ಅದೇ ಮೊದಲು. ಹಬ್ಬಕ್ಕೆ ಬಂದ ಅಣ್ಣ ಹೋಳಿಗೆ ತಿಂದು ಬರಿಗೈಲಿ ಹೋದ.

ಮುಂದಿನ ಮಳೆಗಾಲದಲ್ಲಿ ಸಾಬರಿಗೆ ಲಕ್ವ ಹೊಡೆಯಿತು, ಎಡಭಾಗ ಬಿದ್ದುಹೋಯಿತು. ಅವರ ಮಗಳು ಬಂದು ಚಿತ್ರದುರ್ಗಕ್ಕೆ ಕರೆದೊಯ್ಯುವ ಹಿಂದಿನ ದಿನ ಕರಿಯನೊಂದಿಗೆ ಹೋದೆ. ಸಾಬರು ಬಲಗೈಯಿಂದ ತಡಕಾಡಿ ಕೊಬ್ಬರಿ ಚೂರು ಬಾಯಿಗಿಟ್ಟುಕೊಂಡರು. ಕೆನ್ನೆ ಹಿಡಿಯಲಿಲ್ಲ, ಚೂರು ಜಾರಿ ನೆಲಕ್ಕೆ ಬಿತ್ತು. "ಮ..." ಅಂದರು. ಮುಂದಿನ ಅಕ್ಷರ ಬರಲಿಲ್ಲ. ಕರಿಯ ಬಿದ್ದದ್ದನ್ನು ಮೂಸಿಯೂ ನೋಡದೆ, ಅವರ ಎಡಕ್ಕೆ ಕೂತು ಮುಖವನ್ನೇ ನೋಡಿತು. ನಾವು ಏಳುವ ತನಕ ನೋಡಿತು.

ಸಾಬರು ಚಿತ್ರದುರ್ಗದಲ್ಲೇ ಮಣ್ಣಾದರಂತೆ, ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಸಂಜೆ ನಾವು ಅದೇ ಬೀದಿಯಲ್ಲಿ ನಡೆಯುತ್ತೇವೆ, ನನ್ನ ಬಾಯಲ್ಲಿ ಕೊಬ್ಬರಿ. ದಾರಿ ನೋಡಬೇಕೆಂದು ಗೊತ್ತಿದ್ದರೂ, ಬೀಗ ಹಾಕಿದ ಅವರ ಬಾಗಿಲ ಮುಂದೆ ನನ್ನ ಮುಖ ಆ ಕಡೆ ತಿರುಗಿಬಿಡುತ್ತದೆ. ಕರಿಯ ಮಾತ್ರ ತಿರುಗುವುದಿಲ್ಲ. ನನ್ನನ್ನೇ ನೋಡುತ್ತ ಕಾಯುತ್ತದೆ. ಆ ಬಾಗಿಲು ದಾಟಿದ ಮೇಲೇ ಅದರ ಬಾಯಿಗೆ ಉಗುಳುತ್ತೇನೆ.