ಅಪ್ಪ ಕತ್ತರಿಸಿದ ಕಾರ್ಡು

ಅಪ್ಪನಿಗೆ ಸೊಟ್ಟ ಅಂಚು ಕಂಡರೆ ಆಗುತ್ತಿರಲಿಲ್ಲ. ದಾಸನಕೊಪ್ಪದ ಒಕ್ಕಲು ಮನೆಯಲ್ಲಿ ಹುಟ್ಟಿ, ನೇಗಿಲು ಬಿಟ್ಟು, ಶಿರಸಿಯ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಸೇರಿದವನು ಅವನು. ಪುಸ್ತಕ ಹೊಲಿದು, ಅಂಟು ಹಚ್ಚಿ, ಕಟಿಂಗ್ ಮಷಿನ್ನಿಗೆ ಕೊಟ್ಟು ಮೂರೂ ಬದಿ ಕತ್ತರಿಸಿದ ಮೇಲೆ ಅಂಚಿನ ಮೇಲೆ ಒಮ್ಮೆ ಹೆಬ್ಬೆರಳು ಎಳೆದು ನೋಡಬೇಕು, ಆಗಲೇ ಅವನಿಗೆ ಸಮಾಧಾನ. ಮನೆಗೆ ಬಂದ ಲಗ್ನಪತ್ರಿಕೆಗೂ ಇದೇ ಪರೀಕ್ಷೆ. ಯಾರ ಮದುವೆ ಎಂಬುದು ಆಮೇಲೆ. ಇವರ ಕೈಗೆ ಕೊಟ್ಟರೆ ರೊಟ್ಟಿಯ ಅಂಚನ್ನೂ ಕತ್ತರಿಸಿಯಾರು ಎಂದು ಅವ್ವ ಕಾಡುತ್ತಿದ್ದಳು.

ಆಗ ಚೂಯಿಂಗ್ ಗಮ್ಮಿನ ಜೊತೆ ಕ್ರಿಕೆಟ್ ಆಟಗಾರರ ಕಾರ್ಡು ಬರುತ್ತಿತ್ತು. ಗಮ್ಮು ನಾನು ತಿನ್ನುವುದು, ಕಾರ್ಡು ನನ್ನ ತಮ್ಮ ಇಟ್ಟುಕೊಳ್ಳುವುದು ಎಂದು ನಮ್ಮಲ್ಲಿ ಒಪ್ಪಂದ. ಕಾದು ಕಾದು ಕೊನೆಗೆ ಅವನ ಮೆಚ್ಚಿನ ಬ್ಯಾಟ್ಸ್‌ಮನ್ ಸಿಕ್ಕಿದ. ಆದರೆ ಆ ಕಾರ್ಡು ಕಾರ್ಖಾನೆಯಲ್ಲೇ ಕೆಟ್ಟಿತ್ತು. ದೊಡ್ಡ ಹಾಳೆಯಲ್ಲಿ ಸಾಲಾಗಿ ಅಚ್ಚಾದ ಚಿತ್ರಗಳನ್ನು ಕತ್ತರಿಸಿ ಬೇರ್ಪಡಿಸುವಾಗ ಹಾಳೆ ಸರಿದು, ಬ್ಯಾಟ್ಸ್‌ಮನ್ನನ ಬೂಟಿನ ಕೆಳಗೆ ಇನ್ನೊಬ್ಬ ಆಟಗಾರನ ಟೋಪಿಯ ತುದಿ ಉಳಿದುಬಿಟ್ಟಿತ್ತು. ನಿನ್ನ ಹೀರೋ ಬೇರೆಯವರ ತಲೆ ಮೇಲೆ ನಿಂತು ಆಡುತ್ತಾನೆ ಎಂದು ಶಾಲೆಯಲ್ಲಿ ಹುಡುಗರು ಆಡಿಕೊಂಡರು. ತಮ್ಮ ಮುಖ ಊದಿಸಿಕೊಂಡು ಮನೆಗೆ ಬಂದ. ಮರುದಿನ ಅಪ್ಪ ಆ ಕಾರ್ಡನ್ನು ಪ್ರೆಸ್ಸಿಗೆ ಒಯ್ದು, ಟೋಪಿಯ ಪಟ್ಟಿಯನ್ನು ಕತ್ತರಿಸಿ ತೆಗೆದು, ನಾಲ್ಕೂ ಬದಿ ನೆಟ್ಟಗೆ ಮಾಡಿ ತಂದ.

ಆ ತಮ್ಮ ಈಗ ಯಲ್ಲಾಪುರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಪ್ಪ ಅವನ ಜೊತೆಗಿದ್ದಾನೆ. ನಾನು ಮದುವೆಯಾಗಿ ಸಿದ್ದಾಪುರಕ್ಕೆ ಬಂದೆ. ತಲೆ ನೆರೆತರೂ ತಮ್ಮನ ಕಾರ್ಡಿನ ಹುಚ್ಚು ಇಳಿದಿಲ್ಲ; ಹುಟ್ಟುಗುಣ ಸುಟ್ಟರೂ ಹೋಗದು. ಹಳೆಯ ಕಾರ್ಡುಗಳಿಗೆ ಅಂಕ ಕೊಡುವವರು ವಿದೇಶದಲ್ಲಿದ್ದಾರೆಂದು ಈಚೆಗೆ ಯಾರೋ ಅವನಿಗೆ ಹೇಳಿದರು. ಚಿತ್ರ ನಡುವೆ ಕೂತಿದೆಯೇ, ಬಣ್ಣ ಸರಿದಿದೆಯೇ, ಮೂಲೆ ಸವೆದಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ, ಹತ್ತಕ್ಕೆ ಇಷ್ಟು ಎಂದು ಚೀಟಿ ಹಚ್ಚಿ, ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಭದ್ರ ಮಾಡಿ ಕಳಿಸುತ್ತಾರಂತೆ. ವ್ಯಾಪಾರಿಗಳು ಅಡಿಕೆಯನ್ನು ಅಂಗೈಯಲ್ಲಿ ಹೊರಳಿಸಿ ದರ್ಜೆ ಹೇಳುವುದನ್ನು ನೋಡಿ ಬೆಳೆದವಳು ನಾನು. ಕಾಗದದ ಚೂರಿಗೂ ಇಷ್ಟು ಮರ್ಯಾದೆಯೇ ಎಂದು ನಕ್ಕೆ. ತಮ್ಮ ಮುಂಬೈಯ ಏಜೆಂಟನ ಕೈಲಿ ಒಂದಷ್ಟು ಕಾರ್ಡು ಕಳಿಸಿಯೇಬಿಟ್ಟ.

ಅಪ್ಪ ಮಾತ್ರ ನಗಲಿಲ್ಲ. ತಾನು ಕತ್ತರಿಸಿದ್ದೂ ಅದರಲ್ಲಿ ಹೋಗಿದೆ ಎಂದು ತಿಳಿದ ಮೇಲೆ, ಫಲಿತಾಂಶ ಬಂತೇನು ಎಂದು ದಿನಾ ಕೇಳತೊಡಗಿದ. ನನಗೆ ಅದು ಅರ್ಥವಾಗುತ್ತಿತ್ತು. ಪುಸ್ತಕ ಓದಿದವರು ಬರೆದವನನ್ನು ಹೊಗಳುತ್ತಾರೆ. ಅಂಚು ಕತ್ತರಿಸಿದವನು ಯಾರಿಗೆ ನೆನಪಾಗುತ್ತಾನೆ? ಬಲ್ಲವರೊಬ್ಬರು ಅವನ ಕೈಕೆಲಸವನ್ನು ಭೂತಗನ್ನಡಿ ಹಿಡಿದು ನೋಡುವುದು ಇದೇ ಮೊದಲು.

ಕಾರ್ಡು ತಿರುಗಿ ಬಂದ ದಿನ ತಮ್ಮ ಫೋನು ಮಾಡಿದ. ಕಾರ್ಖಾನೆಯಲ್ಲೇ ವಾರೆಯಾದ ಕಾರ್ಡುಗಳಿಗೂ ಏನೋ ಒಂದು ಅಂಕ ಬಂದಿತ್ತು. ಅಪ್ಪನದಕ್ಕೆ ಮಾತ್ರ ಅಂಕವೇ ಇಲ್ಲ. ಅಳತೆಗಿಂತ ಗಿಡ್ಡವಾಗಿದೆ, ಲೆಕ್ಕಕ್ಕಿಲ್ಲ ಎಂದು ಚೀಟಿ ಹಚ್ಚಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದರು. ಆ ಟೋಪಿ ಹಾಗೇ ಇದ್ದಿದ್ದರೆ ಒಳ್ಳೆಯ ಬೆಲೆಯೇ ಬರುತ್ತಿತ್ತು, ಅಂಥ ತಪ್ಪನ್ನೇ ಹುಡುಕಿಕೊಂಡು ಬರುವವರೂ ಇದ್ದಾರಂತೆ.

"ಅಕ್ಕಾ, ನೀನ ಬಂದು ಹೇಳು. ನನ್ನ ಕೈಲೆ ಆಗೂದಿಲ್ಲ" ಎಂದ.

ಕಳಿಸುವ ಮೊದಲು ನಿನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದು ಚೆನ್ನಾಗಿ ಬೈದೆ. ಅಪ್ಪ ಕತ್ತರಿಸಿದ್ದು ಅಷ್ಟು ನೆಟ್ಟಗಿರುವಾಗ ಅದರಲ್ಲಿ ಯಾರಾದರೂ ತಪ್ಪು ಹಿಡಿಯುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲವಂತೆ. ಅಲ್ಲಿಗೆ ನನ್ನ ಬೈಗುಳ ನಿಂತಿತು, ನನಗೂ ಹೊಳೆಯುತ್ತಿರಲಿಲ್ಲ. ನೆಟ್ಟಗಿದ್ದರೆ ಸರಿಯಾಗಿದೆ ಎಂದೇ ನಮ್ಮ ಮನೆಯ ಲೆಕ್ಕ.

ಶಿರಸಿಯಲ್ಲಿ ಬಸ್ಸು ಬದಲಿಸಿ ಯಲ್ಲಾಪುರ ಮುಟ್ಟುವಷ್ಟರಲ್ಲಿ ಸುಳ್ಳು ತಯಾರಾಗಿತ್ತು. ಚೀಟಿ ಇಂಗ್ಲಿಷಿನಲ್ಲಿದೆ, ಅಪ್ಪನಿಗೆ ಓದಲು ಬರುವುದಿಲ್ಲ. ಹತ್ತಕ್ಕೆ ಹತ್ತು ಎಂದರಾಯಿತು.

ಅಪ್ಪ ಇಸ್ತ್ರಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದ. ತಮ್ಮ ಪೆಟ್ಟಿಗೆಯನ್ನು ಅವನ ಕೈಗಿಟ್ಟ. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ. ಅಭ್ಯಾಸದಂತೆ ಹೆಬ್ಬೆರಳು ಎಳೆಯಲು ಹೋದ. ಪ್ಲಾಸ್ಟಿಕ್ಕಿನ ಮೇಲೆ ಬೆರಳು ಜಾರಿತು. ಮತ್ತೊಮ್ಮೆ ಎಳೆದ. ಆ ಬೆರಳನ್ನು ನೋಡುತ್ತ ನನಗೆ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ಹೇಳುವಾಗ ನನಗೆ ಅಳು ಬಂತು.

ಅಪ್ಪ ಪೆಟ್ಟಿಗೆಯನ್ನು ಕಣ್ಣಿನ ಹತ್ತಿರ ತಂದುಕೊಂಡ.

"ಅಂಚು ಸೊಟ್ಟ ಐತಿ ಅಂದಾರೇನವ್ವಾ?"

"ಇಲ್ಲಪ್ಪಾ."

"ಬ್ಲೇಡಿನ ಗೆರಿ ಕಂಡೈತಂತೇನು?"

"ಇಲ್ಲ. ಗಿಡ್ಡ ಆಗೈತಿ, ಅಷ್ಟ."

"ಗಿಡ್ಡ ಆಗಾಕ ಬೇಕಲ್ಲ, ಟೋಪಿ ತಗದೀನಿ" ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಬೇಸರವಿರಲಿಲ್ಲ. ಆಮೇಲೆ ತಮ್ಮನ ಕಡೆ ತಿರುಗಿದ. "ಅವತ್ತ ನೀ ಊಟಾ ಬಿಟ್ಟು ಮಲಗಿದ್ದಿ. ಇದನ್ನ ಕೈಯಾಗ ಕೊಟ್ಟ ಮ್ಯಾಲ ಉಂಡಿ."

ತಮ್ಮ ಎದ್ದು ಒಳಗೆ ಹೋಗಿ ಇಕ್ಕಳ ತಂದ. ಅಷ್ಟು ದೂರದಿಂದ ಭದ್ರವಾಗಿ ಬಂದಿದ್ದ ಪೆಟ್ಟಿಗೆಯನ್ನು ಅಂಚಿನಿಂದ ಮುರಿದು ಬಿಡಿಸಿ, ಕಾರ್ಡನ್ನು ಹೊರತೆಗೆದು ಅಪ್ಪನ ಅಂಗೈಯಲ್ಲಿಟ್ಟ. ಅಪ್ಪ ಅದರ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿದ.