ಅಡಿಗೆಮನೆ ಇಲ್ಲದ ಗಾಡಿ

ಬೆಳಿಗ್ಗೆ ಹುಚ್ಚೆಳ್ಳು ಹುರಿಯಲು ಇಟ್ಟಿದ್ದೆ. ಅದು ಬಾಣಲೆಯಲ್ಲಿ ಚಟಪಟ ಅನ್ನಲು ಶುರುವಾಗಿ ಘಮ ಮೇಲೇಳುವ ಹೊತ್ತಿಗೆ ಸರಿಯಾಗಿ ಮಗಳು ಮೊಬೈಲು ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ನಾನೂ ನಮ್ಮನೆಯವರೂ ಕಾಶಿಗೆ ಹೊರಟಿದ್ದೇವೆ. ಟಿಕೆಟ್ ಮಾಡುವ ಕೆಲಸ ಅವಳದ್ದು.

"ಅಮ್ಮಾ, ಎರಡು ದಾರಿ ಇದಾವೆ. ಒಂದು ಗಾಡೀಲಿ ಸೀಟಿಗೇ ಊಟ ತಂದು ಕೊಡ್ತಾರೆ. ಇನ್ನೊಂದರಲ್ಲಿ ಊಟ ಗೀಟ ಏನಿಲ್ಲ. ಯಾವುದು ಮಾಡ್ಲಿ?"

ಹುಚ್ಚೆಳ್ಳಿನ ವಾಸನೆ ಒಂದು ಕಡೆ, ಈ ಪ್ರಶ್ನೆ ಇನ್ನೊಂದು ಕಡೆ, ಎರಡೂ ಸೇರಿ ಎದುರು ಮನೆಯ ಅಕ್ಕನನ್ನು ತಂದು ಒಲೆಯ ಪಕ್ಕ ನಿಲ್ಲಿಸಿಬಿಟ್ಟವು. ಅವರು ಇದನ್ನು ಗುರೆಳ್ಳು ಅನ್ನುತ್ತಿದ್ದರು. ನಾನು ಹುಚ್ಚೆಳ್ಳು ಅಂದರೆ ನಗುತ್ತಿದ್ದರು... ನೋಡುತ್ತಾ ನಿಂತಿದ್ದಂತೆ ಕಾಳು ಸ್ವಲ್ಪ ಹತ್ತಿಯೇ ಹೋಯಿತು.

ಕುಪ್ಪಗಡ್ಡೆಯಿಂದ ಮದುವೆಯಾಗಿ ಶಿಕಾರಿಪುರಕ್ಕೆ ಬಂದಾಗ ನನ್ನನ್ನು ಮೊದಲು ಮಾತಾಡಿಸಿದವರು ಅವರು. ಆನವಟ್ಟಿಯ ಮಗಳು, ನಮ್ಮ ಬೀದಿಯ ಸೊಸೆ. ಗಂಡ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದವರು ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ತಾಯಿ ಸತ್ತ ಮೇಲೆ ತಾವೇ ಸಾಕಿ ಬೆಳೆಸಿದ ಒಬ್ಬ ತಮ್ಮನಿದ್ದ. ಅವನೇ ಅವರಿಗೆ ಮಗ, ಅವನೇ ಎಲ್ಲ. ಅವನು ದೆಹಲಿಯಲ್ಲಿ ನೌಕರಿಯಲ್ಲಿದ್ದ.

ಅಕ್ಕನ ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ದಿನಾ ಸ್ನಾನ ಮಾಡಿ, ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡಿ, ಆಮೇಲೇ ತುತ್ತು. ಅದೂ ಸ್ವಂತ ಅಡಿಗೆ, ಇಲ್ಲವೇ ಲಿಂಗ ಕಟ್ಟಿದವರು ಮಡಿಯಲ್ಲಿ ಬೇಯಿಸಿದ ಅಡಿಗೆ. ಅದು ಬಿಟ್ಟು ಬೆಂದದ್ದು ಏನನ್ನೂ ಬಾಯಿಗಿಡುತ್ತಿರಲಿಲ್ಲ. ಹೊರಗೆ ಟೀ ಕೂಡ ಇಲ್ಲ. ಮದುವೆ ಮನೆಗೆ ಹೋದರೆ ಬರೀ ಬಾಳೆಹಣ್ಣು. ಅವರು ಬರುವುದನ್ನು ಕಂಡರೆ ಅಡಿಗೆ ಭಟ್ಟರು, "ಅಕ್ಕಾರು ಬಂದ್ರು, ಗೊನೆ ಇಳಿಸ್ರಪ್ಪಾ," ಅಂತ ಕೂಗುತ್ತಿದ್ದರು. ಅಕ್ಕ ಸಿಟ್ಟಾಗುತ್ತಿರಲಿಲ್ಲ. "ನನ್ನಿಂದ ನಿಮಗೆ ಒಂದು ಎಲೆ ಉಳೀತಲ್ಲ, ಸುಮ್ನಿರ್ರಿ," ಅನ್ನುತ್ತಿದ್ದರು.

ಇದು ಅವರ ಮನೆಯ ಎಲ್ಲರಿಗೂ ಇದ್ದ ಕಟ್ಟಲ್ಲ. ಅದೊಂದು ಹರಕೆ. ತಮ್ಮ ಚಿಕ್ಕವನಿದ್ದಾಗ ಜ್ವರ ನೆತ್ತಿಗೇರಿ, ಡಾಕ್ಟರು ಕೈಚೆಲ್ಲಿದ್ದರಂತೆ. ಆಗಷ್ಟೇ ಮದುವೆಯಾಗಿದ್ದ ಅಕ್ಕ ಲಿಂಗವನ್ನು ಅಂಗೈಯಲ್ಲಿ ಹಿಡಿದು, ಇವನು ಉಳಿದರೆ ಸಾಯುವ ತನಕ ಹೀಗೇ ಉಣ್ಣುತ್ತೇನೆ, ತಪ್ಪಿದರೆ ಇವನನ್ನು ನೀನು ಕರಕೋ ಅಂದುಬಿಟ್ಟಿದ್ದರು. ಹುಡುಗ ಉಳಿದ. ಅಕ್ಕನ ಬಾಯಿಗೆ ಬೀಗ ಬಿತ್ತು.

ನಮ್ಮದು ಲಿಂಗ ಕಟ್ಟುವ ಮನೆಯಲ್ಲ. ಸಂತೆ ದಿನ ಮೀನು ತರುವ ಮನೆ. ನಾನು ಸೋಮವಾರ ಒಪ್ಪತ್ತು ಮಾಡುತ್ತೇನೆ, ಶಿವನ ಗುಡಿಗೆ ಹೋಗದ ದಿನವಿಲ್ಲ, ಆದರೂ ನನ್ನ ಕೈಯಡಿಗೆ ಅಕ್ಕನಿಗೆ ಆಗುವಂತಿರಲಿಲ್ಲ. ಹಬ್ಬ ಬಂದರೆ ನಾನು ಅಕ್ಕಿ, ಬೆಲ್ಲ, ಕಾಯಿ ಮೊರದಲ್ಲಿಟ್ಟು ಹಸಿ ಪಡಿ ಒಯ್ದು ಕೊಡುತ್ತಿದ್ದೆ. ಬೇಯಿಸದ್ದಕ್ಕೆ ಅಡ್ಡಿಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದೇ ಬೆಲ್ಲ ಪಾಯಸವಾಗಿ ನಮ್ಮ ಮನೆಗೆ ವಾಪಸು ಬರುತ್ತಿತ್ತು. ನನ್ನ ಬಾಣಂತನದಲ್ಲಿ ಅವರ ಮನೆಯ ಸಾರು ಕುಡಿದೇ ನಾನು ಎದ್ದು ಓಡಾಡಿದ್ದು. ಅವರ ಋಣ ಉಂಡಿದ್ದೇನೆ, ಒಂದು ಸಲವಾದರೂ ಉಣ್ಣಿಸಲಿಲ್ಲವಲ್ಲ ಅನ್ನುವ ಕೊರಗು ನನಗೆ ಇದ್ದೇ ಇತ್ತು. ದೇವರ ಮುಂದೆ ಕೇಳಿಕೊಂಡದ್ದೂ ಉಂಟು. ಕೇಳಬಾರದಿತ್ತೇನೋ...

ಒಂದು ದಿನ ದೆಹಲಿಯಿಂದ ತಮ್ಮನ ಹೆಂಡತಿ ಫೋನ್ ಮಾಡಿದಳು. ತಮ್ಮನಿಗೆ ಎದೆಯ ಆಪರೇಷನ್ ಆಗಬೇಕು, ಅಕ್ಕನನ್ನು ನೋಡಬೇಕು ಅನ್ನುತ್ತಿದ್ದಾನೆ. ಜೊತೆಗೆ ಹೋಗಲು ಯಾರು? ಹುಡುಗಿಯಾಗಿದ್ದಾಗ ನಾನು ಹಿಂದಿ ಪರೀಕ್ಷೆ ಕಟ್ಟಿ ಪಾಸು ಮಾಡಿದ್ದೆ. ಅದೇ ದೊಡ್ಡ ವಿದ್ಯೆಯೆಂದು ಬೀದಿಯವರೆಲ್ಲ ಸೇರಿ ನನ್ನನ್ನು ಹೊರಡಿಸಿದರು.

ನಮ್ಮನೆಯವರು ರೈಲಿನ ವೇಳೆಗಳನ್ನು ವಿಚಾರಿಸಿಕೊಂಡು ಬಂದು ಅಕ್ಕನ ಜಗಲಿ ಮೇಲೆ ಕೂತರು. ಹುಬ್ಬಳ್ಳಿಯಿಂದ ಒಂದು ಗಾಡಿ ನೇರ ದೆಹಲಿಗೆ. ಇನ್ನೊಂದು ದಾರಿಯಲ್ಲಾದರೆ ಸೊಲ್ಲಾಪುರದಲ್ಲಿ ಇಳಿದು, ಗಾಡಿ ಬದಲಿಸಿ, ಒಂದು ದಿನ ತಡವಾಗಿ ಮುಟ್ಟುವುದು. ಅಕ್ಕ ಎರಡನ್ನೂ ಕೇಳಿಸಿಕೊಂಡರು. ಯಾವುದು ಬೇಗ ಹೋಗುತ್ತದೆ ಎಂದು ಕೇಳಲಿಲ್ಲ.

"ಯಾವ ಗಾಡ್ಯಾಗೆ ಅಡಿಗೆಮನೆ ಇಲ್ರೀ?" ಅಂದರು.

ನಮ್ಮನೆಯವರಿಗೆ ನಗು ತಡೆಯಲಿಲ್ಲ. ಎಲ್ಲರೂ ಊಟ ಸಿಗುವ ಗಾಡಿ ಕೇಳುತ್ತಾರೆ, ನೀವು ಸಿಗದ ಗಾಡಿ ಕೇಳುತ್ತೀರಲ್ಲ ಅಕ್ಕಾರೆ ಅಂದರು. ಅಕ್ಕನ ಲೆಕ್ಕ ಅವರಿಗೇ ಗೊತ್ತು. ನೇರ ಗಾಡಿಯ ಅಡಿಗೆಮನೆಯಲ್ಲಿ ಮೊಟ್ಟೆ, ಮಾಂಸ ಎಲ್ಲ ಬೇಯುತ್ತದೆ, ಅದನ್ನು ಹೊತ್ತುಕೊಂಡು ಕಾಲಡಿಯಲ್ಲೇ ಓಡಾಡುತ್ತಾರೆ. ಸೊಲ್ಲಾಪುರದ ದಾರಿಯ ಗಾಡಿಗಳಲ್ಲಿ ಅದಿಲ್ಲ. ಮೇಲಾಗಿ ಸೊಲ್ಲಾಪುರದಲ್ಲಿ ಅವರ ನಾದಿನಿಯ ಮನೆಯಿದೆ. ಸ್ಟೇಷನ್ನಿನಲ್ಲೇ ಸ್ನಾನ, ಪೂಜೆ ಮುಗಿಸಿದರೆ ನಾದಿನಿ ಬಿಸಿ ರೊಟ್ಟಿ ತಂದು ಕೊಡುತ್ತಾಳೆ. ಅಕ್ಕನಿಗೆ ಹೊಟ್ಟೆಹುಣ್ಣು. ಹೊಟ್ಟೆ ಖಾಲಿ ಬಿಡಬೇಡಿ ಅಂತ ಡಾಕ್ಟರು ಎಚ್ಚರಿಸಿದ್ದರು. ಒಮ್ಮೆ ಹಾಗೆ ಖಾಲಿ ಬಿಟ್ಟು ರಕ್ತ ಕಾರಿ ಆಸ್ಪತ್ರೆ ಸೇರಿದ್ದೂ ಆಗಿತ್ತು.

ಸೊಲ್ಲಾಪುರದ ದಾರಿಯೇ ಎಂದು ತೀರ್ಮಾನವಾಯಿತು. ಅಂದು ಸಂಜೆ ಮತ್ತೆ ಫೋನು. ಆಪರೇಷನ್ ಹೇಳಿದ ದಿನಕ್ಕಿಂತ ಮೊದಲೇ ಮಾಡುತ್ತಾರಂತೆ, ನೋಡುವವರು ಅದಕ್ಕೆ ಮುಂಚೆ ಬಂದು ನೋಡಿಬಿಡಲಿ ಅಂದಿದ್ದಾರೆ. ಅಕ್ಕ ಫೋನಿಟ್ಟು ದೇವರ ಮಾಡದ ಮುಂದೆ ಹೋಗಿ ಕೂತರು. ನಾನು ಬಾಗಿಲಲ್ಲೇ ನಿಂತಿದ್ದೆ. ಎದ್ದು ಬಂದವರು ಸೆರಗಿನಿಂದ ಮುಖ ಒರೆಸಿಕೊಂಡು, "ಅಡಿಗೆಮನೆ ಇರೋ ಗಾಡಿನೇ ಮಾಡಿಸು. ಅದರ ಅಡಿಗೆ ಉಣ್ಣಂತ ನಮಗೇನ್ ಒತ್ತಾಯ ಐತೇನು?" ಅಂದರು.

ದಾರಿಯುದ್ದಕ್ಕೂ ಆಗುವಷ್ಟು ಬುತ್ತಿ ಕಟ್ಟಿದರು. ತೆಳ್ಳಗಿನ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಹುರಿದ ಅವಲಕ್ಕಿ. ಎಲ್ಲವನ್ನೂ ಮಡಿ ಪಂಚೆಯಲ್ಲಿ ಒಂದೇ ಗಂಟು ಮಾಡಿದರು. ನಾನೂ ಮನೆಯಲ್ಲಿ ಸ್ನಾನ ಮಾಡಿ, ಒಲೆ ಸಾರಿಸಿ, ಹೊಸ ಹೆಂಚು ತಂದು ಹಾಲಿನಲ್ಲಿ ಕಲಸಿದ ಚಪಾತಿ ಮಾಡಿಕೊಂಡೆ. ನನಗೊಬ್ಬಳಿಗೆ ಹೊಸ ಹೆಂಚು ಯಾಕೆ ಎಂದು ನಮ್ಮತ್ತೆ ಕೇಳಿದರು. ನಾನು ಹಿಟ್ಟಿಗೆ ಇನ್ನಷ್ಟು ಹಾಲು ಹಾಕಿದೆ.

ಹುಬ್ಬಳ್ಳಿ ಬಸ್ಸು ಆನವಟ್ಟಿ ದಾಟುವಾಗ ಅಕ್ಕ ಕಿಟಕಿಯಿಂದಲೇ ಕೈಮುಗಿದರು. ರೈಲಿನಲ್ಲಿ ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಎದುರು ಸೀಟಿನಲ್ಲಿ ಒಬ್ಬ ಸೈನಿಕನ ಹೆಂಡತಿ, ನಗುಮುಖದ ಹೆಂಗಸು. ಅಕ್ಕ ಕಿಟಕಿಯ ಪಕ್ಕ ತಂಬಿಗೆ ನೀರಿನಲ್ಲೇ ಕೈಮುಖ ತೊಳೆದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಆಕೆ ತನ್ನ ಮಾತನ್ನು ತಾನೇ ತಗ್ಗಿಸುತ್ತಿದ್ದಳು.

ಮಾರನೆಯ ದಿನ ಬೆಳಿಗ್ಗೆ ಅಡಿಗೆಮನೆಯವನು ಆಕೆಗೆ ಆಮ್ಲೆಟ್ ತಂದು ಕೊಟ್ಟ. ಸಣ್ಣ ಮೇಜಿನ ಮೇಲೆ ಜಾಗವಿರಲಿಲ್ಲ. ಆಕೆ ಚಿಲ್ಲರೆ ಹುಡುಕುವ ಗಡಿಬಿಡಿಯಲ್ಲಿ ತಟ್ಟೆಯನ್ನು ಪಕ್ಕದಲ್ಲಿದ್ದ ಬಿಳಿ ಗಂಟಿನ ಮೇಲೆ ಇಟ್ಟಳು. ಒಂದು ಗಳಿಗೆ, ಅಷ್ಟೇ. ಎಣ್ಣೆ ಪಂಚೆಗೆ ಇಳಿಯಿತು. ಅಕ್ಕ ನೋಡಿದರು, ನಾನೂ ನೋಡಿದೆ. ಏನಾಯಿತೆಂದು ಆಕೆಗೆ ಗೊತ್ತೇ ಆಗಲಿಲ್ಲ. ಹೇಳಬೇಡ ಎಂದು ಅಕ್ಕ ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಆಕೆ ಮುಖ ತೊಳೆಯಲು ಎದ್ದು ಹೋದಾಗ, "ಪಾಪ, ತಿನ್ನೋ ಹೊತ್ತಿನಾಗೆ ಯಾಕೆ ಬೇಜಾರು ಮಾಡೋದು," ಅಂದರು. ಎರಡು ಗಂಟು ಮಾಡಿದ್ದರೆ ಒಂದಾದರೂ ಉಳಿಯುತ್ತಿತ್ತು. ಒಂದೇ ಗಂಟಿಗೆ ಮಡಿ ಹೆಚ್ಚು ಅಂದುಕೊಂಡಿದ್ದೆವು.

ಬಾಳೆಹಣ್ಣು ಕೊಂಡೆವು. ಅದು ಮಧ್ಯಾಹ್ನಕ್ಕೆ ಮುಗಿಯಿತು. ಆಮೇಲೆ ಗಾಡಿ ಬಯಲಿನಲ್ಲಿ ನಿಂತಿತು. ಮುಂದೆ ಹಳಿಯಲ್ಲಿ ಏನೋ ತೊಂದರೆಯಂತೆ. ಸ್ಟೇಷನ್ನಿಲ್ಲ, ಊರಿಲ್ಲ, ಎರಡೂ ಕಡೆ ಬರೀ ಕೊಯ್ದ ಗೋಧಿ ಹೊಲ. ಬಿಸಿಲು ಬೋಗಿಯನ್ನು ಕಾಯಿಸುತ್ತಿತ್ತು. ಹೊತ್ತು ಹೋಗುತ್ತಾ ಹೋಗುತ್ತಾ ಅಕ್ಕ ಹೊಟ್ಟೆ ಹಿಡಿದುಕೊಂಡು ಬಾಗಿದರು. ವಾಂತಿಯಾಯಿತು. ಹಳದಿ ನೀರು. ತುಟಿ ಬೆಳ್ಳಗಾಯಿತು.

ನಾನು ನನ್ನ ಡಬ್ಬಿ ತೆಗೆದೆ. "ಅಕ್ಕಾ, ಹಾಲಲ್ಲಿ ಕಲಸಿದ್ದು, ಮೆತ್ತಗಿದಾವೆ. ಹೊಸ ಹೆಂಚಲ್ಲಿ ಮಾಡಿದ್ದು ಕಣ್ರೀ. ಮಡೀಲೇ ಮಾಡೀನಿ."

ಅವರು ಡಬ್ಬಿಯನ್ನು ನೋಡಿದರು. ಹೊಸ ಹೆಂಚಿನ ಅರ್ಥವೂ ಅವರಿಗೆ ಆಯಿತು ಅನ್ನಿಸುತ್ತದೆ. ಮುಚ್ಚಳವನ್ನು ಮೆಲ್ಲಗೆ ತಾವೇ ಮುಚ್ಚಿದರು. ಉಸಿರು ತಗೊಂಡು, ನಾನು ಹೀಗೇ ಇದ್ದರೆ ಅಲ್ಲಿ ಹೋಗಿ ಅವನ ಪಕ್ಕ ಇನ್ನೊಂದು ಮಂಚ ಹಿಡಿಯುತ್ತೇನೆ, ಉಣ್ಣಲೇಬೇಕು ಅಂದರು. ಅಡಿಗೆಮನೆಯವನನ್ನು ಕರೆ ಅಂದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮೊಟ್ಟೆ ಬೇಯುವ ಒಲೆಯ ಅನ್ನ ಆಗುತ್ತದೆ, ನನ್ನದು ಆಗುವುದಿಲ್ಲವೇ? ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲಿ ಕಂಡಿರಬೇಕು. ಅಕ್ಕ ನನ್ನ ಕೈ ಹಿಡಿದುಕೊಂಡರು.

"ಅವನಿಗೆ ನಾಳೆ ಏನಾದ್ರೂ ಆತು ಅಂದ್ರೆ, ನಾನು ಉಂಡ ಕೈ ಯಾರದು ಅಂತ ನನ್ನ ಮನಸು ಹುಡುಕ್ತೈತೆ ತಂಗಿ. ಅದು ನಿಂದಾಗಬಾರದು. ಗುರುತಿಲ್ಲದವನ ಕೈಯಾಗೆ ಹೋಗ್ಲಿ."

ಬೆಳ್ಳಗೆ ಹೊಳೆಯುವ ಕಾಗದದ ಪೊಟ್ಟಣದಲ್ಲಿ ಅನ್ನ, ಬೇಳೆ ಬಂತು. ಆ ಕಡೆ ನೋಡೇ ಅಂದರು ಅಕ್ಕ. ನಾನು ಕಿಟಕಿಯ ಕಡೆ ತಿರುಗಿ ಗೋಧಿ ಹೊಲ ನೋಡುತ್ತಾ ಕೂತೆ. ಅವರು ಜಗಿಯುವ ಸದ್ದೂ ನನಗೆ ಕೇಳಲಿಲ್ಲ. ತಿರುಗಿದಾಗ ಪೊಟ್ಟಣ ಖಾಲಿಯಾಗಿತ್ತು, ಒಂದು ಕೈ ಕರಡಿಗೆಯ ಮೇಲಿತ್ತು.

ತಮ್ಮ ಉಳಿದ. ಗಾಡಿ ತಡವಾದರೂ ಆಪರೇಷನ್ನಿಗೆ ಮುಂಚೆ ತಲುಪಿದೆವು. ಅಕ್ಕನ ಮುಖ ನೋಡಿ ಅವನು, "ರೊಟ್ಟಿ ತಂದೀಯೇನಕ್ಕಾ?" ಎಂದು ಕೇಳಿದ. ಅಕ್ಕ ಅವನ ತಲೆ ಸವರಿದರು. ಅವನು ಚೇತರಿಸಿಕೊಳ್ಳುವ ತನಕ ಇದ್ದು ಬಂದೆವು. ಈಗಲೂ ಗಟ್ಟಿಮುಟ್ಟಾಗಿ ಇದ್ದಾನೆ, ದೇವರು ದೊಡ್ಡವನು. ನನ್ನ ಮಟ್ಟಿಗೆ ಅದು ಸಂತೋಷದ ಸುದ್ದಿ. ತಪ್ಪನ್ನು ಶಿವ ಎಣಿಸಲಿಲ್ಲ, ಕರುಣೆ ತೋರಿದ ಅಂತ ನಾನು ಗುಡಿಗೆ ಹೋಗಿ ಕಾಯಿ ಒಡೆಸಿದೆ. ಅಕ್ಕ ನನ್ನ ಜೊತೆ ಬರಲಿಲ್ಲ.

ವಾಪಸು ಬರುವ ಗಾಡಿಯಲ್ಲೇ ಅವರು ಕೇಳಿದ್ದರು. "ನಾನು ಉಂಡೆ. ಅವನಿಗೇನೂ ಆಗ್ಲಿಲ್ಲ. ಹಂಗಾದ್ರೆ ಇಷ್ಟು ವರ್ಷ ನಾನು ಹಿಡಿದು ನಿಲ್ಲಿಸಿದ್ದು ಏನನ್ನ?" ನಾನು ದೇವರ ಕರುಣೆ ಅಕ್ಕಾ ಅಂದೆ. ಅವರು, "ಕರುಣೆ ಆಗ್ಲೂ ಇತ್ತಲ್ಲ," ಅಂದರು. ತಮ್ಮನನ್ನು ತಾವೇ ಹಿಡಿದುಕೊಂಡಿದ್ದೇವೆ ಅನ್ನುವ ನಂಬಿಕೆಯಲ್ಲಿ ಬದುಕಿದ್ದವರು. ಕೈಬಿಟ್ಟ ಮೇಲೂ ಅವನು ಬೀಳಲಿಲ್ಲ. ಅದು ಸಮಾಧಾನ ಆಗಬೇಕಿತ್ತು...

ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದರು. ನೇರ ಅಡಿಗೆಮನೆಗೇ ಬಂದು ಗೋಡೆಗೆ ಒರಗಿ ಕೂತು, "ಏನ್ ಮಾಡೀಯೇ? ನನಗೂ ಒಂದೀಟು ಹಾಕು," ಅಂದರು. ಇದಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಎಲೆ ಹಾಕಿ, ಅನ್ನ ಸಾರು ಬಡಿಸಿ, ತುಪ್ಪ ಹಾಕಿದೆ. ಅಕ್ಕ ಉಂಡರು. ರುಚಿ ಹೇಳಲಿಲ್ಲ, ಉಪ್ಪು ಕೇಳಲಿಲ್ಲ. ಸೋತವರು ಉಣ್ಣುವ ಹಾಗೆ ಉಂಡು, ಎಲೆ ಮಡಿಸಿ ಎದ್ದು ಹೋದರು. ಮತ್ತೆ ಮತ್ತೆ ಬಂದರು. ಬೆಳಗಿನ ಪೂಜೆಯ ಗಂಟೆ ಅವರ ಮನೆಯಿಂದ ಕೇಳಿಸುವುದು ಕಡಿಮೆಯಾಗಿತ್ತು. ಬೇಡಿಕೊಂಡದ್ದು ಸಿಕ್ಕಾಗ ನನಗೆ ಅಳು ಬರುತ್ತಿತ್ತು.

ಮುಂದಿನ ಯುಗಾದಿ ಬಂತು. ಆವತ್ತು ಅಕ್ಕ ಊಟಕ್ಕೆ ನಮ್ಮಲ್ಲಿಗೇ ಬರುತ್ತಾರೆ ಅಂತ ಗೊತ್ತಿತ್ತು. ಅದಕ್ಕೆ ಮುಂಚೆಯೇ ನಾನು ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ ಇಟ್ಟುಕೊಂಡು ಅವರ ಮನೆಗೆ ಹೋದೆ. "ಇವತ್ತು ನಮ್ಮನೇಲಿ ನಿಮಗೆ ಊಟ ಇಲ್ಲ ಅಕ್ಕಾ. ನೀವೇ ಪಾಯಸ ಮಾಡ್ರಿ, ನಾನು ಬಂದು ಉಣ್ತೀನಿ," ಅಂದೆ. ಮನೆಗೆ ಬರುವವರಿಗೆ ಊಟ ಇಲ್ಲ ಅಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಅಕ್ಕ ಮೊರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಚ್ಚಲಿಗೆ ನೀರು ಕಾಯಿಸಲು ಹೋದರು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಪಾಯಸ ಮಾಡಿ ಬಡಿಸಿದರು. ಬೆಲ್ಲ ಕಡಿಮೆಯಾಗಿತ್ತು. ನಾನು ಎರಡನೆಯ ಸಲ ಹಾಕಿಸಿಕೊಂಡೆ. ಆವತ್ತಿನಿಂದ ಅವರು ನಮ್ಮ ಮನೆಯಲ್ಲಿ ಉಣ್ಣಲಿಲ್ಲ. ಪೂಜೆಯ ಗಂಟೆ ಮತ್ತೆ ದಿನಾ ಕೇಳಿಸತೊಡಗಿತು.

ನಂಬಿಕೆ ವಾಪಸು ಬಂದಿತ್ತೋ, ನನ್ನ ಮನಸ್ಸಿಗೆ ನೋವಾಗಬಾರದೆಂದು ಗಂಟೆ ಬಾರಿಸುತ್ತಿದ್ದರೋ, ನನಗೆ ಇವತ್ತಿಗೂ ತಿಳಿಯದು. ಕೇಳುವ ಧೈರ್ಯವಾಗಲಿಲ್ಲ. ಒಂದು ಶ್ರಾವಣದಲ್ಲಿ ಮಲಗಿದವರು ಏಳಲಿಲ್ಲ. ತಮ್ಮ ಬಂದು ಮಣ್ಣು ಹಾಕಿದ. ಎದುರು ಮನೆಯಲ್ಲಿ ಈಗ ಬಾಡಿಗೆಯವರಿದ್ದಾರೆ. ಜಗಲಿ ತೆಗೆಸಿ ಬೈಕು ನಿಲ್ಲಿಸಲು ಜಾಗ ಮಾಡಿದ್ದಾರೆ. ಊರ ಹೊರಗೆ ರೈಲು ದಾರಿಗೆ ಮಣ್ಣು ಏರಿಸುತ್ತಿದ್ದಾರೆ, ಇನ್ನು ಹುಬ್ಬಳ್ಳಿಗೆ ಹೋಗುವುದೂ ಬೇಕಾಗಲಿಕ್ಕಿಲ್ಲ.

"ಅಮ್ಮಾ, ಯಾವುದು ಮಾಡ್ಲಿ ಅಂದೆ," ಮಗಳು ಮತ್ತೆ ಕೇಳಿದಳು.

"ಊಟ ಕೊಡೋ ಗಾಡಿನೇ ಮಾಡವ್ವಾ," ಅಂದೆ. ನಮ್ಮನೆಯವರಿಗೆ ಮಾತ್ರೆ ಇವೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಕೊಡುವವರು ಇದ್ದಾರೆ ಅನ್ನುವುದೂ ಒಂದು ಪುಣ್ಯವೇ.

ಹತ್ತಿದ ಕಾಳನ್ನು ಆರಿಸಿ ತೆಗೆದು ಚಟ್ನಿಪುಡಿ ಕುಟ್ಟಿದೆ. ಬುತ್ತಿಯನ್ನು ಎರಡು ಗಂಟು ಮಾಡುತ್ತೇನೆ. ಮೂರನೆಯದೊಂದು ಚಿಕ್ಕ ಗಂಟು ಈಗಾಗಲೇ ಕಟ್ಟಿಟ್ಟಿದ್ದೇನೆ. ಒಂದು ಹಿಡಿ ಅಕ್ಕಿ, ಒಂದು ಅಚ್ಚು ಬೆಲ್ಲ. ಕಾಶಿಯಲ್ಲಿ ವಿಶ್ವನಾಥನ ಮುಂದೆ ಅಕ್ಕನ ಹೆಸರಿನಲ್ಲಿ ಇಟ್ಟು ಬರಬೇಕು, ಬೇಯಿಸದೆ.